ಕರೆದರು, ಬಂದರು, ಆಮೇಲೆ? ಪೋರ್ಚುಗಲ್‌ನ ಡಿಜಿಟಲ್ ನೊಮ್ಯಾಡ್ ಪ್ರಕರಣ

ಲ್ಯಾಪ್‌ಟಾಪ್ ಮತ್ತು ಒಳ್ಳೆಯ ಇಂಟರ್ನೆಟ್ ಇದ್ದರೆ ಎಲ್ಲಿ ಬೇಕಾದರೂ ಕೂತು ದುಡಿಯಬಲ್ಲ ಜನ ಈಗ ಬಹಳ. ಕಂಪನಿ ಒಂದು ದೇಶದಲ್ಲಿ, ಕೆಲಸ ಮಾಡುವವರು ಇನ್ನೊಂದು ದೇಶದಲ್ಲಿ. ಡಿಜಿಟಲ್ ನೊಮ್ಯಾಡ್ ಎಂದು ಕರೆಯುವ ಇಂಥವರನ್ನು ತಮ್ಮಲ್ಲಿಗೆ ಸೆಳೆಯಲು ಕೋವಿಡ್ ಕಾಲದಿಂದ ಸರ್ಕಾರಗಳು ಪೈಪೋಟಿಗೆ ಬಿದ್ದಿವೆ. ಬಾರ್ಬಡೋಸ್ 2020ರ ಜುಲೈನಲ್ಲಿ ಹನ್ನೆರಡು ತಿಂಗಳ ವೀಸಾ ತಂದಿತು. ಮರುತಿಂಗಳೇ ಎಸ್ಟೋನಿಯಾ ಬಂತು. ಆಮೇಲೆ ಕ್ರೊವೇಷಿಯಾ, ಸ್ಪೇನ್, ಇಟಲಿ, ಹೀಗೆ ಸಾಲು ಬೆಳೆಯಿತು.

ಸರ್ಕಾರಗಳ ಲೆಕ್ಕ ಸರಳ. ಇವರು ಸಂಬಳವನ್ನು ಹೊರಗಿಂದ ತರುತ್ತಾರೆ. ಸ್ಥಳೀಯರ ಕೆಲಸಕ್ಕೆ ಕೈ ಹಾಕುವುದಿಲ್ಲ. ಬಾಡಿಗೆ, ಊಟ, ಓಡಾಟ ಎಲ್ಲದಕ್ಕೂ ಇಲ್ಲೇ ಖರ್ಚು ಮಾಡುತ್ತಾರೆ. ಬಹುತೇಕರು ಯುವಕರು, ಆಸ್ಪತ್ರೆಗೂ ಅಷ್ಟಾಗಿ ಹೊರೆಯಲ್ಲ. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ?

ಈ ಲೆಕ್ಕ ನೆಲದ ಮೇಲೆ ಏನಾಗುತ್ತದೆ ಅಂತ ನೋಡಲು ಪೋರ್ಚುಗಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕರೆದದ್ದು, ಜನ ಬಂದದ್ದು, ಊರಿನವರು ಬೀದಿಗೆ ಇಳಿದದ್ದು, ಸರ್ಕಾರ ಹಿಂದೆ ಸರಿದದ್ದು, ಮತ್ತೆ ಅರ್ಧ ಮುಂದೆ ಬಂದದ್ದು, ಎಲ್ಲವೂ ಹದಿನೈದು ವರ್ಷದೊಳಗೆ ನಡೆದಿದೆ. ಒಂದು ದೇಶ ಇವರನ್ನು ಸೆಳೆಯಬಲ್ಲದೇ ಎಂಬ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ: ಖಂಡಿತ ಸೆಳೆಯಬಲ್ಲದು. ಕಷ್ಟ ಇರುವುದು ಅಲ್ಲಲ್ಲ.

ಖಾಲಿಯಾಗುತ್ತಿದ್ದ ದೇಶ

2011ರಲ್ಲಿ ಪೋರ್ಚುಗಲ್ ದಿವಾಳಿಯ ಅಂಚಿಗೆ ಬಂದಿತ್ತು. ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್‌ನಿಂದ 78 ಶತಕೋಟಿ ಯೂರೋ ಸಾಲ ತೆಗೆದುಕೊಂಡಿತು. ಸಾಲದ ಜೊತೆ ಷರತ್ತುಗಳೂ ಬಂದವು. ಸಂಬಳ, ಪಿಂಚಣಿಗೆ ಕತ್ತರಿ ಬಿತ್ತು, ತೆರಿಗೆ ಏರಿತು. 2013ರ ಆರಂಭದಲ್ಲಿ ನಿರುದ್ಯೋಗ ಶೇ 17 ದಾಟಿತು. ಓದಿದ ಹುಡುಗರು ಸೂಟ್‌ಕೇಸ್ ಕಟ್ಟಿಕೊಂಡು ಲಂಡನ್, ಪ್ಯಾರಿಸ್, ಜ್ಯೂರಿಕ್ ಕಡೆ ಹೊರಟರು. 2012ರಿಂದ 2014ರವರೆಗೆ ವರ್ಷಕ್ಕೆ ಲಕ್ಷಕ್ಕೂ ಜಾಸ್ತಿ ಜನ ದೇಶ ಬಿಟ್ಟರು. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶಕ್ಕೆ ಇದು ದೊಡ್ಡ ಪೆಟ್ಟು.

ಹೀಗೆ ಹಣವೂ ಜನರೂ ಕೈಜಾರುತ್ತಿದ್ದಾಗ ಸರ್ಕಾರ ಹೊರಗಿನವರ ಕಡೆ ನೋಡಿತು. ಅದಕ್ಕೆ ಬೇಕಾದ ಸಾಧನಗಳಲ್ಲಿ ಒಂದು ಮೊದಲೇ ತಯಾರಿತ್ತು. 2009ರಲ್ಲಿ ತಂದಿದ್ದ ಎನ್‌ಎಚ್‌ಆರ್ ಎಂಬ ತೆರಿಗೆ ರಿಯಾಯಿತಿ ಅದು. ಹಿಂದಿನ ಐದು ವರ್ಷ ಪೋರ್ಚುಗಲ್‌ನಲ್ಲಿ ತೆರಿಗೆ ಕಟ್ಟುವ ನಿವಾಸಿಯಾಗಿಲ್ಲದವರು ಬಂದು ನೆಲೆಸಿದರೆ ಹತ್ತು ವರ್ಷ ಲಾಭ. ಪಟ್ಟಿಯಲ್ಲಿರುವ ವೃತ್ತಿಯವರ ಸಂಪಾದನೆಗೆ ಬರೀ ಶೇ 20 ತೆರಿಗೆ. ಅದೇ ಹೊತ್ತಿಗೆ ಸ್ಥಳೀಯರಿಗೆ ಮೇಲಿನ ಹಂತದ ತೆರಿಗೆ ಶೇ 48. ಹೊರದೇಶದ ಪಿಂಚಣಿಗೆ ಬಹುಕಾಲ ತೆರಿಗೆಯೇ ಇರಲಿಲ್ಲ. ಫಿನ್‌ಲೆಂಡ್ ಮತ್ತು ಸ್ವೀಡನ್ ಸರ್ಕಾರಗಳು ನಮ್ಮ ನಿವೃತ್ತರು ನಿಮ್ಮಲ್ಲಿ ಬಿಸಿಲು ಕಾಯುತ್ತಾ ಒಂದು ಪೈಸೆಯನ್ನೂ ಯಾರಿಗೂ ಕಟ್ಟುತ್ತಿಲ್ಲ ಅಂತ ಜಗಳ ತೆಗೆದವು. 2020ರಲ್ಲಿ ಹೊಸಬರಿಗೆ ಶೇ 10 ಹಾಕಿದರು.

2012ರಲ್ಲಿ ಗೋಲ್ಡನ್ ವೀಸಾ ಬಂತು. 5 ಲಕ್ಷ ಯೂರೋ ಬೆಲೆಯ ಮನೆ ಕೊಂಡರೆ ವಾಸದ ಪರವಾನಗಿ. ಅದೇ ವರ್ಷ ಬಾಡಿಗೆ ಕಾನೂನು ಸಡಿಲವಾಯಿತು. ದಶಕಗಳಿಂದ ಪುಡಿಗಾಸಿನ ಬಾಡಿಗೆಯಲ್ಲಿದ್ದ ಹಳೆಯ ಕರಾರುಗಳನ್ನು ಮುಗಿಸುವುದು ಮಾಲೀಕರಿಗೆ ಸುಲಭವಾಯಿತು. 2014ರಲ್ಲಿ ಪ್ರವಾಸಿಗರಿಗೆ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡುವ 'ಅಲೊಜಮೆಂತು ಲೊಕಾಲ್' ವ್ಯವಸ್ಥೆಗೆ ಪ್ರತ್ಯೇಕ ಕಾನೂನು ಬಂತು. ನೋಂದಣಿ ಮಾಡಿಸಿದರೆ ಸಾಕು, ಮನೆ ಒಂದು ಪುಟ್ಟ ಹೋಟೆಲ್.

ಇವುಗಳಲ್ಲಿ ಯಾವುದನ್ನೂ ಡಿಜಿಟಲ್ ನೊಮ್ಯಾಡ್‌ಗಳಿಗಾಗಿ ಮಾಡಿದ್ದಲ್ಲ. ಆಗ ಆ ಮಾತೇ ಸರ್ಕಾರಿ ಕಡತಗಳಲ್ಲಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಲ್ಯಾಪ್‌ಟಾಪ್ ಹಿಡಿದು ಬಂದವರ ತಲೆಗೆ ಕಟ್ಟಿದ ಅರ್ಧ ದೂರು ಈ ನಾಲ್ಕು ನಿರ್ಧಾರಗಳಿಗೆ ಸೇರಬೇಕಾದದ್ದು.

2016ರಲ್ಲಿ ವೆಬ್ ಸಮಿಟ್ ಎಂಬ ದೊಡ್ಡ ತಂತ್ರಜ್ಞಾನ ಸಮಾವೇಶ ಡಬ್ಲಿನ್ ಬಿಟ್ಟು ಲಿಸ್ಬನ್‌ಗೆ ಬಂತು. ಪ್ರತಿ ವರ್ಷ ನವೆಂಬರ್‌ನಲ್ಲಿ ಹತ್ತಾರು ಸಾವಿರ ಟೆಕ್ ಜನ ಆ ಊರಿಗೆ ಬಂದಿಳಿಯತೊಡಗಿದರು. ಉಳಿದ ಯುರೋಪ್ ನಡುಗುತ್ತಿರುವಾಗ ಇಲ್ಲಿ ತೆಳು ಜಾಕೆಟ್ ಸಾಕು. ಬಂದವರಲ್ಲಿ ಕೆಲವರು ರಿಟರ್ನ್ ಟಿಕೆಟ್ ಮುಂದಕ್ಕೆ ಹಾಕಿದರು. ಯಾವ ಜಾಹೀರಾತೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ವೀಸಾ ಬರುವ ಮೊದಲೇ ಬಂದವರು

ಈಗ ಮದೈರಾ ದ್ವೀಪಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಯಾರಾದರೂ ಸ್ವಲ್ಪ ಯೋಚಿಸಿ ಮಾಡಿದ ಕೆಲಸ ಇದೊಂದೇ.

ಮದೈರಾ ಪೋರ್ಚುಗಲ್‌ನ ಸ್ವಾಯತ್ತ ಪ್ರದೇಶ. ಲಿಸ್ಬನ್‌ನಿಂದ ಸಾವಿರ ಕಿಲೋಮೀಟರ್‌ನಷ್ಟು ದೂರ, ಅಟ್ಲಾಂಟಿಕ್ ನಡುವೆ. ವಿಮಾನ ನಿಲ್ದಾಣದ ರನ್‌ವೇಯ ಒಂದು ಭಾಗ ಸಮುದ್ರದ ಅಂಚಿನಲ್ಲಿ ಕಂಬಗಳ ಮೇಲೆ ನಿಂತಿದೆ. ಗಾಳಿ ಜೋರಾದರೆ ವಿಮಾನ ಇಳಿಯದೆ ಬೇರೆ ಕಡೆ ಹೋಗುತ್ತದೆ. ದ್ವೀಪದ ಬದುಕು ನಿಂತಿರುವುದೇ ಪ್ರವಾಸಿಗರ ಮೇಲೆ. 2020ರಲ್ಲಿ ಅವರು ಬರುವುದು ನಿಂತಾಗ ಹೋಟೆಲುಗಳು, ಬಾಡಿಗೆ ಮನೆಗಳು, ಕಾರು ಬಾಡಿಗೆಯವರು ಎಲ್ಲರೂ ಕೈಕಟ್ಟಿ ಕೂತರು.

ಆಗ ಪೋರ್ಚುಗಲ್‌ನವರೇ ಆದ ಗೊನ್ಸಾಲು ಹಾಲ್ ಎಂಬ ರಿಮೋಟ್ ಕೆಲಸದ ಪ್ರಚಾರಕ ಒಂದು ಯೋಜನೆ ಮುಂದಿಟ್ಟರು. ಪ್ರಾದೇಶಿಕ ಸರ್ಕಾರ ಮತ್ತು 'ಸ್ಟಾರ್ಟಪ್ ಮದೈರಾ' ಸಂಸ್ಥೆ ಕೈಜೋಡಿಸಿದವು. 2021ರ ಫೆಬ್ರುವರಿಯಲ್ಲಿ ಪೊಂತಾ ದು ಸೋಲ್ ಎಂಬ ಊರಿನಲ್ಲಿ ಡಿಜಿಟಲ್ ನೊಮ್ಯಾಡ್ ಹಳ್ಳಿ ಶುರುವಾಯಿತು.

ಆ ಪುರಸಭೆಯ ವ್ಯಾಪ್ತಿಯಲ್ಲಿ ಎಂಟು ಸಾವಿರ ಚಿಲ್ಲರೆ ಜನ. ಕಡಿದಾದ ಗುಡ್ಡ, ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಬಾಳೆ ತೋಟ, ಕೆಳಗೆ ಸಮುದ್ರ. ಅಮೆರಿಕದ ಲೇಖಕ ಜಾನ್ ಡಾಸ್ ಪ್ಯಾಸೋಸ್ ಅವರ ಅಜ್ಜ ಈ ಊರಿನವರು. ಹಾಗಾಗಿ ಅವರ ಹೆಸರಿನ ಸಾಂಸ್ಕೃತಿಕ ಕೇಂದ್ರ ಇಲ್ಲಿದೆ. ಅಲ್ಲೇ ಮೇಜು, ಕುರ್ಚಿ, ವೈಫೈ ಹಾಕಿಸಿ ಕೆಲಸದ ಜಾಗ ಮಾಡಿದರು. ಬಂದವರಿಗೆ ಅದು ಉಚಿತ. ಹೊಸ ಕಟ್ಟಡ ಇಲ್ಲ, ದೊಡ್ಡ ಟೆಂಡರ್ ಇಲ್ಲ. ಇದ್ದದ್ದನ್ನೇ ಬಳಸಿದರು.

ಮೇಜು, ವೈಫೈ ಎಲ್ಲಿ ಬೇಕಾದರೂ ಸಿಗುತ್ತದೆ. ಗೆದ್ದದ್ದು ಬೇರೆ ವಿಷಯದಲ್ಲಿ. ಬರುವವರಿಗಾಗಿ ಸ್ಲ್ಯಾಕ್ ಎಂಬ ಚಾಟ್ ಆ್ಯಪ್‌ನಲ್ಲಿ ಒಂದು ಗುಂಪು ಇತ್ತು. ಊರಿಗೆ ಕಾಲಿಡುವ ಮೊದಲೇ ಮನೆ ಎಲ್ಲಿ ಸಿಗುತ್ತದೆ, ಬಸ್ಸು ಎಷ್ಟು ಹೊತ್ತಿಗೆ, ಸಂಜೆ ಯಾರು ಎಲ್ಲಿ ಸೇರುತ್ತಾರೆ ಅಂತ ಅಲ್ಲಿ ಕೇಳಬಹುದಿತ್ತು. ಬಂದವರನ್ನು ಊರಿಗೆ ಪರಿಚಯಿಸಲು, ಅವರವರೊಳಗೆ ಪರಿಚಯ ಮಾಡಿಸಲು ಇದಕ್ಕೇ ಅಂತ ಒಬ್ಬರು ಇದ್ದರು. ಒಂಟಿಯಾಗಿ ಊರೂರು ಸುತ್ತುವವರಿಗೆ ನೆಟ್ ಸ್ಪೀಡ್‌ಗಿಂತ ದೊಡ್ಡ ತೊಂದರೆ ಒಂಟಿತನ. ಮಾತಾಡಲು ಜನ ಸಿಗುವ ಊರು ಅಂದರೆ ಇವರು ಅಲ್ಲೇ ಇರುತ್ತಾರೆ, ಗೆಳೆಯರನ್ನೂ ಕರೆಸಿಕೊಳ್ಳುತ್ತಾರೆ. ಇದನ್ನು ಅರ್ಥ ಮಾಡಿಕೊಂಡದ್ದೇ ಮದೈರಾದ ಜಾಣತನ. ವಾರದ ಮಟ್ಟಿಗೆ ಬಂದು ಫೋಟೋ ತೆಗೆದು ಹೋಗುವವರನ್ನು ಬಿಟ್ಟು, ತಿಂಗಳುಗಟ್ಟಲೆ ಇರುವವರನ್ನೇ ಹುಡುಕಿದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಹೆಸರು ನೋಂದಾಯಿಸಿದರು.

ಗಮನಿಸಿ, ಇದು 2021ರ ಆರಂಭ. ಪೋರ್ಚುಗಲ್‌ನಲ್ಲಿ ಡಿಜಿಟಲ್ ನೊಮ್ಯಾಡ್ ವೀಸಾ ಎಂಬುದೇ ಆಗ ಇರಲಿಲ್ಲ. ಅದು ಡಿ8 ಎಂಬ ಹೆಸರಿನಲ್ಲಿ ಬಂದದ್ದು 2022ರ ಅಕ್ಟೋಬರ್ 30ಕ್ಕೆ. ಅಷ್ಟು ದಿನ ಬಂದವರು ಹೇಗೆ ಬಂದರು? ಜರ್ಮನಿ, ಪೋಲೆಂಡ್, ನೆದರ್‌ಲ್ಯಾಂಡ್ಸ್‌ನಂಥ ಯುರೋಪಿಯನ್ ಒಕ್ಕೂಟದ ದೇಶದವರಿಗೆ ವೀಸಾ ಬೇಕಿಲ್ಲ. ಬ್ರಿಟನ್, ಅಮೆರಿಕ, ಕೆನಡಾದವರು ಯಾವುದೇ 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದು. ಇನ್ನೂ ಜಾಸ್ತಿ ಇರಬೇಕೆಂದವರು ಡಿ7 ವೀಸಾ ಹಿಡಿದರು. ಅದು ಅಸಲಿಗೆ ಪಿಂಚಣಿ, ಬಾಡಿಗೆ ಮುಂತಾದ ಆದಾಯದಲ್ಲಿ ಬದುಕುವವರಿಗೆ ಮಾಡಿದ್ದು. ತಿಂಗಳಿಗೆ ಅಲ್ಲಿನ ಕನಿಷ್ಠ ವೇತನದಷ್ಟು ಆದಾಯ ತೋರಿಸಿದರೆ ಸಾಕಿತ್ತು. ಹೊರದೇಶದ ಸಂಬಳವನ್ನೂ ಕಾನ್ಸುಲೇಟ್‌ಗಳು ಒಪ್ಪಿಕೊಳ್ಳುತ್ತಿದ್ದವು.

ಅಂದರೆ ಜನ ಮೊದಲು, ಕಾನೂನು ಆಮೇಲೆ. ವೀಸಾ ತಂದರೆ ಜನ ಬರುತ್ತಾರೆ ಎಂದು ನಂಬಿರುವ ದೇಶಗಳು ಈ ಕ್ರಮವನ್ನು ಒಮ್ಮೆ ನೋಡಬೇಕು.

ಅವರು ಬಂದದ್ದು ಯಾತಕ್ಕೆ

ಸರ್ಕಾರದ ಕೈಯಲ್ಲಿ ಇಲ್ಲದ ಸಂಗತಿಗಳೇ ಹೆಚ್ಚು. ಗಡಿಯಾರವನ್ನೇ ತಗೊಳ್ಳಿ. ಪೋರ್ಚುಗಲ್ ಮತ್ತು ಲಂಡನ್‌ನಲ್ಲಿ ಒಂದೇ ಹೊತ್ತು. ನ್ಯೂಯಾರ್ಕ್‌ಗಿಂತ ಐದು ಗಂಟೆ ಮುಂದೆ. ನ್ಯೂಯಾರ್ಕ್ ಕಂಪನಿಗೆ ದುಡಿಯುವವರು ಬೆಳಿಗ್ಗೆ ಸಮುದ್ರದಲ್ಲಿ ಸರ್ಫಿಂಗ್ ಮಾಡಿ, ಮಧ್ಯಾಹ್ನ ಎರಡಕ್ಕೆ ಮೊದಲ ಮೀಟಿಂಗ್‌ಗೆ ಕೂರಬಹುದು. ಬಾಲಿಯಲ್ಲಿ ಕೂತವರಿಗೆ ಅದೇ ಮೀಟಿಂಗ್ ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಶುರುವಾಗುತ್ತದೆ.

ಉಳಿದವು ಗೊತ್ತಿರುವಂಥವೇ. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಫೈಬರ್ ತಲುಪಿದೆ. ಊರುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ರಾತ್ರಿ ಒಬ್ಬರೇ ಓಡಾಡಬಹುದು. ಬಿಸಿಲು ಧಾರಾಳ. ಮತ್ತೆ ಬೆಲೆ. ಲಿಸ್ಬನ್ ಪಶ್ಚಿಮ ಯುರೋಪಿನ ರಾಜಧಾನಿಗಳಲ್ಲಿ ಅಗ್ಗದ್ದು ಅಂತ ಹೆಸರಾಗಿತ್ತು.

ಆ ಅಗ್ಗ ಯಾರ ಲೆಕ್ಕದಲ್ಲಿ ಎಂಬುದರಲ್ಲಿ ಇಡೀ ಗೊಂದಲ ಅಡಗಿದೆ. 2023ರಲ್ಲಿ ಪೋರ್ಚುಗಲ್‌ನ ಕನಿಷ್ಠ ವೇತನ ತಿಂಗಳಿಗೆ 760 ಯೂರೋ. ಸರಾಸರಿ ಸಂಬಳ, ಕಡಿತಕ್ಕೆ ಮೊದಲು, 1,500 ಯೂರೋ ಆಸುಪಾಸು. ಹೊಸ ಡಿ8 ವೀಸಾಗೆ ಬೇಕಾದ ಆದಾಯವನ್ನು ಕನಿಷ್ಠ ವೇತನದ ನಾಲ್ಕು ಪಟ್ಟು ಅಂತ ಇಟ್ಟಿದ್ದರು. ಅಂದರೆ ಆ ವರ್ಷ 3,040 ಯೂರೋ. ಸರ್ಕಾರ ಬಾಗಿಲಲ್ಲೇ ಸೋಸಿ ಒಳಗೆ ಬಿಟ್ಟದ್ದು ಊರಿನ ಸರಾಸರಿಗಿಂತ ದುಪ್ಪಟ್ಟು ದುಡಿಯುವವರನ್ನು ಮಾತ್ರ. ಮಧ್ಯ ಲಿಸ್ಬನ್‌ನಲ್ಲಿ ಒಂದು ಬೆಡ್‌ರೂಮ್ ಮನೆಗೆ ಸಾವಿರದ ಇನ್ನೂರು ಯೂರೋ ಬಾಡಿಗೆ ಅಂತ ಇಟ್ಟುಕೊಳ್ಳಿ. ನಾಲ್ಕು ಸಾವಿರ ದುಡಿಯುವ ಪ್ರೋಗ್ರಾಮರ್‌ಗೆ ಅದು ಸಂಬಳದ ಶೇ 30. ಅದೇ ಬೀದಿಯ ಆಸ್ಪತ್ರೆಯಲ್ಲಿ 1,400 ಸಂಬಳದ ನರ್ಸ್‌ಗೆ ತೆರಿಗೆ, ವಿಮೆ ಕಳೆದ ಮೇಲೆ ಕೈಗೆ ಬರುವುದೇ ಹೆಚ್ಚುಕಡಿಮೆ ಅಷ್ಟು. ಅವರಿಬ್ಬರೂ ಒಂದೇ ಮನೆ ನೋಡಲು ಬಂದರೆ ಮಾಲೀಕ ಯಾರಿಗೆ ಕೊಡುತ್ತಾನೆ?

ಇನ್ನೊಂದು ಸಣ್ಣ ವಿಷಯ ಇದೆ, ಆದರೆ ಅದರ ಕೆಲಸ ಸಣ್ಣದಲ್ಲ. ವಾಸದ ವೀಸಾಗೆ ಅರ್ಜಿ ಹಾಕುವಾಗಲೇ ಪೋರ್ಚುಗಲ್‌ನಲ್ಲಿ ಉಳಿಯಲು ಜಾಗ ಇದೆ ಅಂತ ತೋರಿಸಬೇಕು. ಸಾಮಾನ್ಯವಾಗಿ ವರ್ಷದ ಕರಾರು ಪತ್ರವೇ ಬೇಕಾಗುತ್ತದೆ. ಅಂದರೆ ತನ್ನ ದೇಶದಲ್ಲಿ ಕೂತು, ಕಣ್ಣಿಂದ ನೋಡದ ಮನೆಗೆ ಸಹಿ ಹಾಕಬೇಕು. ಇಂಥ ಬಾಡಿಗೆದಾರ ಚೌಕಾಸಿ ಮಾಡುವುದಿಲ್ಲ. ಕೇಳಿದಷ್ಟು ಕೊಡುತ್ತಾನೆ, ಆರು ತಿಂಗಳು ಮುಂಗಡ ಅಂದರೂ ಕೊಡುತ್ತಾನೆ. ಮುಂದಿನ ಸಲ ಮಾಲೀಕ ಸ್ಥಳೀಯರಿಗೂ ಅದೇ ಬೆಲೆ ಹೇಳುತ್ತಾನೆ. ಬಾಡಿಗೆ ಏರಿಸಬೇಕೆಂದು ಯಾವ ಸರ್ಕಾರವೂ ನಿಯಮ ಮಾಡುವುದಿಲ್ಲ. ಆದರೆ ಈ ನಿಯಮ ಆ ಕೆಲಸವನ್ನು ಸುಮ್ನೆ ಮಾಡಿಕೊಂಡು ಹೋಯಿತು.

ಎಷ್ಟು ಜನ, ಎಷ್ಟು ಗದ್ದಲ

ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಚಿತ್ರ ಬದಲಾಗುತ್ತದೆ. ಡಿ8 ಶುರುವಾದ ಮೊದಲ ವರ್ಷದಲ್ಲಿ ಕೊಟ್ಟದ್ದು ಕೆಲವೇ ಸಾವಿರ ವೀಸಾ. 2022ರಲ್ಲಿ ಪೋರ್ಚುಗಲ್‌ನಲ್ಲಿ ನೆಲೆಸಿದ್ದ ಅಮೆರಿಕದವರು ಹತ್ತು ಸಾವಿರದ ಹತ್ತಿರ. ಅದೇ ವರ್ಷ ಬ್ರೆಜಿಲ್‌ನವರು ಸುಮಾರು 2 ಲಕ್ಷ 40 ಸಾವಿರ. 2023ರಲ್ಲಿ ಹೋಟೆಲ್ ಮತ್ತಿತರ ಪ್ರವಾಸಿ ವಸತಿಗಳಲ್ಲಿ ತಂಗಿದವರು 3 ಕೋಟಿ. ಈ ರಾಶಿಯಲ್ಲಿ ವೀಸಾ ಪಡೆದ ನೊಮ್ಯಾಡ್‌ಗಳು ಹುಡುಕಿದರೂ ಸಿಗುವುದಿಲ್ಲ.

ಆದರೂ ಕೋಪ ಇವರ ಮೇಲೆ ಯಾಕೆ ಬಂತು?

ಒಂದು, ಇವರೆಲ್ಲ ಸೇರಿದ್ದು ಕೆಲವೇ ಕಡೆ. ಲಿಸ್ಬನ್‌ನ ಹಳೆ ಪೇಟೆಗಳು, ಪೋರ್ತುವಿನ ನಡುಭಾಗ, ಎರಿಸೈರಾದಂಥ ಸರ್ಫಿಂಗ್ ಊರು, ಮದೈರಾ. ಜನ ಖಾಲಿಯಾಗಿ ಮುದುಕರೇ ಉಳಿದಿರುವ ಒಳನಾಡಿಗೆ ಇವರು ಹೋಗಿ ನೆಲೆಸುತ್ತಾರೆ ಎಂಬ ಆಸೆ ಭಾಷಣಗಳಲ್ಲಿ ಬಹಳ ಕೇಳಿತು. ಹೋದವರು ಕಡಿಮೆ. ಹೋಗಬೇಕಾದ ಕಾರಣವೂ ಇರಲಿಲ್ಲ, ಯಾಕಂದರೆ ವೀಸಾದಲ್ಲಾಗಲಿ ತೆರಿಗೆ ರಿಯಾಯಿತಿಯಲ್ಲಾಗಲಿ ಒಳನಾಡಿಗೆ ಹೋದರೆ ಇಂತಿಷ್ಟು ಜಾಸ್ತಿ ಲಾಭ ಎಂಬ ಸಾಲು ಇರಲಿಲ್ಲ. ದೇಶದ ಎಲ್ಲ ಕಡೆಗೂ ಒಂದೇ ರಿಯಾಯಿತಿ ಕೊಟ್ಟರೆ ಜನ ಸಮುದ್ರ ಕಾಣುವ ಕಡೆ ಹೋಗುತ್ತಾರೆ.

ಎರಡು, ಇವರು ಕಣ್ಣಿಗೆ ಬೀಳುತ್ತಾರೆ. ಹೂಡಿಕೆ ನಿಧಿಯೊಂದು ಇಡೀ ಕಟ್ಟಡ ಕೊಂಡರೆ ಅದಕ್ಕೆ ಮುಖ ಇರುವುದಿಲ್ಲ. ಹಳೆಯ ಕಾಫಿ ಅಂಗಡಿ ಹೋಗಿ, ಅದೇ ಜಾಗದಲ್ಲಿ ನಾಲ್ಕು ಪಟ್ಟು ಬೆಲೆಯ ಕಾಫಿ ಕುಡಿಯುತ್ತಾ ಲ್ಯಾಪ್‌ಟಾಪ್ ತೆರೆದು ಕೂತವರಿಗೆ ಮುಖ ಇರುತ್ತದೆ.

ಮೂರು, ತೆರಿಗೆ. ಅದೇ ಆಫೀಸು ಕೆಲಸ, ಅದೇ ಊರು. ಪೋರ್ಚುಗೀಸರಿಗೆ ಒಂದು ದರ, ನಿನ್ನೆ ಬಂದವರಿಗೆ ಅರ್ಧ ದರ. ಬಾಡಿಗೆ ಏರಿದ್ದನ್ನಾದರೂ ಮಾರುಕಟ್ಟೆ ಅಂತ ನುಂಗಿಕೊಳ್ಳಬಹುದು. ಇದನ್ನು ಸರ್ಕಾರವೇ ಸಹಿ ಹಾಕಿ ಮಾಡಿದ್ದು. ನನಗೆ ಕೇಳಿದರೆ ಕೋಪದ ಬೇರು ಇಲ್ಲೇ ಇತ್ತು.

ಮನೆಯ ಸಮಸ್ಯೆಯ ಬೇರು ಮಾತ್ರ ಇನ್ನೂ ಆಳದ್ದು. 2000ದ ದಶಕದ ಆರಂಭದಲ್ಲಿ ಪೋರ್ಚುಗಲ್ ವರ್ಷಕ್ಕೆ ಲಕ್ಷಕ್ಕೂ ಮೀರಿ ಮನೆ ಕಟ್ಟುತ್ತಿತ್ತು. 2015ರ ಹೊತ್ತಿಗೆ ಅದು ಹತ್ತು ಸಾವಿರಕ್ಕಿಂತ ಕೆಳಗೆ ಬಿದ್ದಿತ್ತು. ಸಾಲದ ಬಿಕ್ಕಟ್ಟಿನಲ್ಲಿ ಬಿಲ್ಡರ್‌ಗಳು ಮುಳುಗಿದರು, ಮೇಸ್ತ್ರಿಗಳು ಬೇರೆ ದೇಶಕ್ಕೆ ಹೋದರು. ಸರ್ಕಾರದ ಕೈಯಲ್ಲಿರುವ ಮನೆಗಳು ಒಟ್ಟು ಮನೆಗಳಲ್ಲಿ ಶೇ 2ರಷ್ಟು ಮಾತ್ರ. ಕಟ್ಟುವುದು ನಿಂತಿತು, ಕರೆಯುವುದು ಶುರುವಾಯಿತು. 2015ರಿಂದ 2023ರೊಳಗೆ ಮನೆಗಳ ಬೆಲೆ ಸರಾಸರಿ ಎರಡು ಪಟ್ಟಾಯಿತು. ಸಂಬಳ ಅದರ ಹತ್ತಿರವೂ ಏರಲಿಲ್ಲ.

ಅದೇ ವಸಂತ, ಇನ್ನೊಂದು ಊರು

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ಮದೈರಾದಲ್ಲಿ ನೊಮ್ಯಾಡ್ ಹಳ್ಳಿ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ. 2021ರ ಏಪ್ರಿಲ್ ಕೊನೆಗೆ ಪೋರ್ಚುಗಲ್‌ನ ನೈಋತ್ಯ ಕರಾವಳಿಯ ಒದೆಮಿರಾದಲ್ಲಿ ಕೋವಿಡ್ ಹರಡಿ ಎರಡು ಹೋಬಳಿಗಳನ್ನು ಸುತ್ತುಗಟ್ಟಿದರು. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಲ್ಲಿ ಯುರೋಪಿನ ಅಂಗಡಿಗಳಿಗೆ ರಾಸ್‌ಬೆರಿ ಬೆಳೆಯುತ್ತಾರೆ. ಕೀಳುವವರು ನೇಪಾಳ, ಭಾರತ, ಥಾಯ್ಲೆಂಡ್ ಕಡೆಯವರು. ಒಂದೊಂದು ಮನೆಯಲ್ಲಿ ಎಷ್ಟು ಜನರನ್ನು ತುರುಕಿದ್ದರು ಎಂಬುದು ಆಗಲೇ ದೇಶಕ್ಕೆಲ್ಲ ಗೊತ್ತಾದದ್ದು. ಸರ್ಕಾರ ಹತ್ತಿರದ ರೆಸಾರ್ಟ್ ಒಂದನ್ನು ವಶಕ್ಕೆ ತೆಗೆದುಕೊಂಡು ಕೆಲವರನ್ನು ಅಲ್ಲಿಗೆ ಕಳಿಸಲು ಹೊರಟಿತು. ಅಲ್ಲಿ ಬಂಗಲೆ ಕೊಂಡಿದ್ದವರು ಕೋರ್ಟಿಗೆ ಹೋದರು.

ಎರಡೂ ಕಡೆ ಹೊರಗಿಂದ ಬಂದವರೇ. ದೇಶಕ್ಕೆ ಕೆಲಸಕ್ಕೆ ಬೇಕಾದವರೇ. ಒಬ್ಬರಿಗೆ ಉಚಿತ ಮೇಜು, ಸ್ವಾಗತಕ್ಕೆ ಜನ. ಇನ್ನೊಬ್ಬರಿಗೆ ಮಲಗಲು ಜಾಗ ಸಿಗಲಿಲ್ಲ. ದೇಶಕ್ಕೆ ಯಾರನ್ನು ಸೆಳೆಯಬೇಕು ಎಂಬ ಚರ್ಚೆಯಲ್ಲಿ ಈ ಎರಡನೆಯವರ ಮಾತು ಬರುವುದೇ ಅಪರೂಪ.

ಹಿಂದಕ್ಕೆ ಹಾಕಿದ ಹೆಜ್ಜೆ

2023ರ ಏಪ್ರಿಲ್ 1ರಂದು ಲಿಸ್ಬನ್, ಪೋರ್ತು ಮತ್ತು ಬೇರೆ ಊರುಗಳಲ್ಲಿ ಸಾವಿರಾರು ಜನ ಬೀದಿಗೆ ಬಂದರು. ಬದುಕಲು ಮನೆ ಬೇಕು ಎಂಬುದೇ ಘೋಷಣೆ. ಸೆಪ್ಟೆಂಬರ್ 30ರಂದು ಮತ್ತೆ ಬಂದರು. ಆಗಿನ ಪ್ರಧಾನಿ ಆಂಟೋನಿಯೊ ಕೋಸ್ತಾ ಅವರ ಸರ್ಕಾರ ಆ ಫೆಬ್ರುವರಿಯಲ್ಲೇ 'ಹೆಚ್ಚು ಮನೆ' ಎಂಬ ಅರ್ಥದ ಹೆಸರಿಟ್ಟು ಕಾನೂನಿನ ಕಟ್ಟೊಂದನ್ನು ಪ್ರಕಟಿಸಿತ್ತು. ಮನೆ ಕೊಂಡರೆ ಗೋಲ್ಡನ್ ವೀಸಾ ಎಂಬುದು ರದ್ದು. ಒಳನಾಡು ಬಿಟ್ಟು ಬೇರೆ ಕಡೆ ಪ್ರವಾಸಿ ಫ್ಲಾಟ್‌ಗಳಿಗೆ ಹೊಸ ನೋಂದಣಿ ಇಲ್ಲ. ಆಗಸ್ಟ್‌ನಲ್ಲಿ ಅಧ್ಯಕ್ಷ ಮಾರ್ಸೆಲು ರೆಬೆಲು ದೆ ಸೌಜಾ ಇದನ್ನು ತಡೆದರು. ಸೆಪ್ಟೆಂಬರ್‌ನಲ್ಲಿ ಸಂಸತ್ತು ಮತ್ತೆ ಮತ ಹಾಕಿ ಪಾಸು ಮಾಡಿತು. ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಅದೇ ಅಕ್ಟೋಬರ್‌ನ ಆರಂಭದಲ್ಲಿ ಕೋಸ್ತಾ ಟಿವಿ ಸಂದರ್ಶನವೊಂದರಲ್ಲಿ ಎನ್‌ಎಚ್‌ಆರ್ ಮುಗಿಯಿತು ಅಂದರು. ಅದನ್ನು ಮುಂದುವರಿಸುವುದು ತೆರಿಗೆಯ ಅನ್ಯಾಯವನ್ನು ಉಳಿಸಿಕೊಂಡಂತೆ, ಮನೆ ಬೆಲೆಯನ್ನು ಉಬ್ಬಿಸಿದಂತೆ ಎಂಬುದು ಅವರ ವಾದ. 2021ರ ವೆಬ್ ಸಮಿಟ್‌ನಲ್ಲಿ ಇದೇ ಸರ್ಕಾರದ ಕಾರ್ಮಿಕ ಸಚಿವೆ ಡಿಜಿಟಲ್ ನೊಮ್ಯಾಡ್‌ಗಳಿಗೆ ಪೋರ್ಚುಗಲ್‌ನಂಥ ಜಾಗವಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದ್ದರು. ನಡುವೆ ಬರೀ ಎರಡು ವರ್ಷ.

ಆದರೆ ಡಿ8 ವೀಸಾವನ್ನು ಯಾರೂ ಮುಟ್ಟಲಿಲ್ಲ. ಬನ್ನಿ, ಆದರೆ ಎಲ್ಲರಂತೆ ತೆರಿಗೆ ಕಟ್ಟಿ ಎಂಬಲ್ಲಿಗೆ ಬಂದು ನಿಂತಿತು. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಶುರುವಿನಿಂದ ಹೀಗೇ ಇದ್ದಿದ್ದರೆ ಎಷ್ಟೋ ಗದ್ದಲ ತಪ್ಪುತ್ತಿತ್ತು. ನ್ಯೂಯಾರ್ಕ್ ಸಂಬಳದಲ್ಲಿ ಲಿಸ್ಬನ್ ಬಾಡಿಗೆ ಕಟ್ಟುವವರಿಗೆ ಅದರ ಮೇಲೆ ರಿಯಾಯಿತಿ ಯಾಕೆ ಬೇಕಿತ್ತು? ಬಿಸಿಲು, ಗಡಿಯಾರ, ಬಾಡಿಗೆ ಇಷ್ಟಕ್ಕೇ ಅವರು ಬರುತ್ತಿದ್ದರು.

ಸರದಿಯಲ್ಲಿ ಸಿಕ್ಕಿದವರು

ಕಾನೂನು ಬದಲಾದದ್ದಕ್ಕಿಂತ ಬಂದವರನ್ನು ಹೆಚ್ಚು ಸತಾಯಿಸಿದ್ದು ಕಚೇರಿ. 2023ರ ಅಕ್ಟೋಬರ್ 29ರಂದು 'ಸೆಫ್' ಎಂಬ ಹಳೆಯ ವಲಸೆ ಮತ್ತು ಗಡಿ ಇಲಾಖೆಯನ್ನು ಮುಚ್ಚಿ, ವಾಸದ ಪರವಾನಗಿಯ ಕೆಲಸವನ್ನು 'ಆಯಿಮಾ' ಎಂಬ ಹೊಸ ಸಂಸ್ಥೆಗೆ ಕೊಟ್ಟರು. ಹಳೆಯದರ ಬಾಕಿ ಅರ್ಜಿಗಳೆಲ್ಲ ಹೊಸದರ ತಲೆಗೆ ಬಿದ್ದವು. 2024ರ ಮಧ್ಯದ ಹೊತ್ತಿಗೆ ಸರ್ಕಾರವೇ ಹೇಳಿದ ಬಾಕಿ ಸುಮಾರು 4 ಲಕ್ಷ.

ಡಿ8ನ ವಾಸದ ವೀಸಾ ಸಿಕ್ಕರೆ ಕೈಗೆ ಬರುವುದು ನಾಲ್ಕು ತಿಂಗಳ ಅವಧಿ. ಅಷ್ಟರೊಳಗೆ ಬಂದು, ಬೆರಳಚ್ಚು ಕೊಟ್ಟು, ಎರಡು ವರ್ಷದ ಕಾರ್ಡಿಗೆ ಅರ್ಜಿ ಹಾಕಬೇಕು. ಕಾರ್ಡಿನ ಅವಧಿ ಮುಗಿದರೆ ನವೀಕರಿಸಬೇಕು. ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ, ಫೋನ್ ಎತ್ತುವುದಿಲ್ಲ ಎಂಬ ದೂರು ದಿನನಿತ್ಯದ್ದಾಯಿತು. ಕೊನೆಗೆ ಸರ್ಕಾರ ಅವಧಿ ಮುಗಿದ ಕಾರ್ಡುಗಳೂ ಚಾಲ್ತಿಯಲ್ಲಿವೆ ಅಂತ ಆದೇಶ ಹೊರಡಿಸಿತು. ಮೊದಲು ಒಂದು ದಿನಾಂಕದವರೆಗೆ, ಆಮೇಲೆ ಇನ್ನೊಂದು ದಿನಾಂಕದವರೆಗೆ. ಪೋರ್ಚುಗಲ್ ಒಳಗೆ ಇದು ನಡೆಯುತ್ತದೆ. ಬೇರೆ ದೇಶದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು, ಇದರ ಅವಧಿ ಮುಗಿದಿದ್ದರೂ ಮುಗಿದಿಲ್ಲ ಅಂತ ಹೇಗೆ ಒಪ್ಪಿಸುವುದು? ಊರೂರು ಸುತ್ತುವುದೇ ಬದುಕಾದವರು ಕಾರ್ಡಿಗಾಗಿ ದೇಶದೊಳಗೇ ಕಟ್ಟಿಹಾಕಿದಂತಾದರು.

ಇದಕ್ಕೆ ಕಾರಣ ನೊಮ್ಯಾಡ್‌ಗಳಲ್ಲ. 2015ರಲ್ಲಿ ಪೋರ್ಚುಗಲ್‌ನಲ್ಲಿದ್ದ ವಿದೇಶಿ ನಿವಾಸಿಗಳು 4 ಲಕ್ಷಕ್ಕಿಂತ ಕಡಿಮೆ. 2023ಕ್ಕೆ ಅದು 10 ಲಕ್ಷ ದಾಟಿತ್ತು. ಕಚೇರಿಗಳು ಮಾತ್ರ ಆ ಅಳತೆಗೆ ಬೆಳೆಯಲಿಲ್ಲ. ಪ್ರಚಾರಕ್ಕೆ ಹಣ ಇಟ್ಟವರು ಕೌಂಟರಿನಲ್ಲಿ ಕೂರುವ ಗುಮಾಸ್ತರಿಗೆ ಇಡಲಿಲ್ಲ.

ಈಗ ಎಲ್ಲಿಗೆ ಬಂದಿದೆ

2024ರ ಏಪ್ರಿಲ್‌ನಲ್ಲಿ ಲೂಯಿಸ್ ಮೊಂತೆನೆಗ್ರು ಅವರ ಸರ್ಕಾರ ಬಂತು. ಪ್ರವಾಸಿ ಫ್ಲಾಟ್‌ಗಳ ಮೇಲಿನ ನಿರ್ಬಂಧಗಳನ್ನು ಆ ವರ್ಷದ ಕೊನೆಗೆ ಬಹುಮಟ್ಟಿಗೆ ತೆಗೆದು, ನಿರ್ಧಾರವನ್ನು ಪುರಸಭೆಗಳಿಗೆ ಬಿಟ್ಟಿತು. ಎನ್‌ಎಚ್‌ಆರ್ ಜಾಗಕ್ಕೆ ಬೇರೊಂದು ರಿಯಾಯಿತಿ ಬಂದಿದೆ. ಇದೂ ಹತ್ತು ವರ್ಷ, ಇದೂ ಶೇ 20. ಆದರೆ ಸಂಶೋಧನೆ, ಉನ್ನತ ಶಿಕ್ಷಣ, ಸ್ಟಾರ್ಟಪ್, ರಫ್ತು ಉದ್ಯಮದಂಥ ಗೊತ್ತುಪಡಿಸಿದ ಕೆಲಸಗಳಿಗೆ ಮಾತ್ರ. ಪೋರ್ಚುಗಲ್‌ನಲ್ಲಿ ಬರೀ ಕೂತು ಬೇರೆ ದೇಶದ ಕಂಪನಿಗೆ ದುಡಿಯುವವರಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ವೀಸಾದ ಆದಾಯ ಮಿತಿ ಕನಿಷ್ಠ ವೇತನಕ್ಕೆ ಕಟ್ಟಿಕೊಂಡಿರುವುದರಿಂದ ವೇತನ ಏರಿದ ಹಾಗೆಲ್ಲ ತಾನೇ ಏರುತ್ತದೆ. 2025ರಲ್ಲಿ ಕನಿಷ್ಠ ವೇತನ 870 ಯೂರೋ, ಮಿತಿ 3,480. ಇದು ಚೆನ್ನಾಗಿ ಯೋಚಿಸಿದ ನಿಯಮ. ಬೇರೆ ದೇಶಗಳು ನಕಲು ಮಾಡಿದರೆ ತಪ್ಪಿಲ್ಲ.

ಪಕ್ಕದ ಸ್ಪೇನ್ 2023ರಲ್ಲೇ ತನ್ನ ವೀಸಾ ತಂದಿತು. ಅಲ್ಲಿನ ಆದಾಯ ಮಿತಿ ಆ ದೇಶದ ಕನಿಷ್ಠ ವೇತನದ ಎರಡು ಪಟ್ಟು. ಹೊಸಬರಿಗೆ ಶೇ 24ರ ವಿಶೇಷ ತೆರಿಗೆ ದರವೂ ಸಿಗುತ್ತದೆ. ತೆರಿಗೆ ನೋಡಿಕೊಂಡೇ ಊರು ಆರಿಸುವವರು ಅಲ್ಲಿಗೆ ಹೋಗಲಿ ಬಿಡಿ. ಅವರು ಎಲ್ಲೇ ಇದ್ದರೂ ಮುಂದಿನ ರಿಯಾಯಿತಿಯವರೆಗೆ ಮಾತ್ರ ಇರುತ್ತಾರೆ. ಮದೈರಾದಲ್ಲಿ ಈಗಲೂ ನೊಮ್ಯಾಡ್‌ಗಳಿದ್ದಾರೆ. ಬಾಡಿಗೆ ಏರಿದೆ ಎಂಬ ದೂರು ಅಲ್ಲೂ ಇದೆ. ಸಣ್ಣ ಊರಿಗೆ ನೂರು ಜನ ಜಾಸ್ತಿ ಬಂದರೂ ಬಾಡಿಗೆ ಮನೆಗಳ ಲೆಕ್ಕ ತಲೆಕೆಳಗಾಗುತ್ತದೆ. ಉಚಿತ ಮೇಜು ಕೊಟ್ಟವರು ಆ ಊರಿಗೆ ಹತ್ತು ಹೊಸ ಮನೆ ಕಟ್ಟಿಸುವುದನ್ನೂ ಯೋಜನೆಯಲ್ಲಿ ಸೇರಿಸಬಹುದಿತ್ತು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಬದಲಾವಣೆ ನೊಮ್ಯಾಡ್‌ಗಳಿಗೆ ಸಂಬಂಧಿಸಿದ್ದೇ ಅಲ್ಲ. 2025ರ ಬಜೆಟ್‌ನಲ್ಲಿ ಪೋರ್ಚುಗಲ್ ತನ್ನದೇ ಯುವಕರ ಆದಾಯ ತೆರಿಗೆಗೆ ದೊಡ್ಡ ರಿಯಾಯಿತಿ ಕೊಟ್ಟಿತು. ವಯಸ್ಸು 35 ದಾಟಿರಬಾರದು. ದುಡಿಮೆಯ ಮೊದಲ ವರ್ಷ, ಒಂದು ಮಿತಿಯವರೆಗಿನ ಸಂಬಳಕ್ಕೆ ಪೂರ್ತಿ ವಿನಾಯಿತಿ. ಮುಂದಿನ ಮೂರು ವರ್ಷ ಶೇ 75. ಹೀಗೆ ಇಳಿಯುತ್ತಾ ಹತ್ತು ವರ್ಷ. ಅಷ್ಟೇ ವರ್ಷ, ಅಂಥದ್ದೇ ರಿಯಾಯಿತಿ, ಈ ಸಲ ಸೂಟ್‌ಕೇಸ್ ಕಟ್ಟಲು ಹೊರಟಿದ್ದವರಿಗೆ. ಪೋರ್ಚುಗಲ್‌ನಲ್ಲೇ ಕೂತು ಬರ್ಲಿನ್ ಕಂಪನಿಗೆ ದುಡಿಯುವ ಲಿಸ್ಬನ್ ಹುಡುಗಿಯೂ ರಿಮೋಟ್ ಕೆಲಸಗಾರ್ತಿಯೇ. ಅವಳಿಗೆ ವೀಸಾ ಬೇಕಿಲ್ಲ, ಕಾರ್ಡಿಗೆ ಸರದಿ ನಿಲ್ಲಬೇಕಿಲ್ಲ, ಭಾಷೆ ಕಲಿಸಬೇಕಿಲ್ಲ. ಬೇಕಿರುವುದು ಸಂಬಳಕ್ಕೆ ನಿಲುಕುವ ಬಾಡಿಗೆಯ ಮನೆ. ತೆರಿಗೆ ಉಳಿತಾಯ ಕೈಗೆ ಬಂದರೂ ಆ ಮನೆ ಇನ್ನೂ ಸಿಕ್ಕಿಲ್ಲ. ಕಟ್ಟುವ ವೇಗ ನೋಡಿದರೆ ಬೇಗ ಸಿಗುವ ಹಾಗೂ ಕಾಣುತ್ತಿಲ್ಲ.